ನುಣುಪು ತಂತಿಯ ಗಂಭೀರ ನಾದ

2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದ್ದು ನಮ್ಮ ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ಅರಮನೆ ಮೈದಾನದಲ್ಲಿ. ಅದರ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಅಷ್ಟು ವೇಗದ ಹೆವಿ ಮೆಟಲ್‌ಗೂ ಕಟ್ಟುವುದು ನುಣುಪಾದ ಫ್ಲಾಟ್‌ವೌಂಡ್ ತಂತಿಗಳನ್ನೇ. ನನಗಂತೂ ಇದು ಇಂದಿಗೂ ಬೆರಗು.

ಸಾಮಾನ್ಯ ರೌಂಡ್‌ವೌಂಡ್ ತಂತಿಯಲ್ಲಿ ಉಕ್ಕಿನ ನಡು ಎಳೆಯ ಸುತ್ತ ದುಂಡು ತಂತಿ ಸುತ್ತಿರುತ್ತಾರೆ. ಮುಟ್ಟಿದರೆ ಗರಗಸದಂತೆ ತರಿತರಿ, ಬೆರಳು ಜಾರಿಸಿದರೆ ಕಿರ್ರೆನ್ನುವ ಸದ್ದು. ಫ್ಲಾಟ್‌ವೌಂಡ್‌ನಲ್ಲಿ ಸುತ್ತುವುದು ಚಪ್ಪಟೆ ಲೋಹದ ಪಟ್ಟಿ. ಬೆರಳು ತಡೆಯಿಲ್ಲದೆ ಸಾಗುತ್ತದೆ, ಕತ್ತಿನ ಮೇಲಿನ ಲೋಹದ ಫ್ರೆಟ್‌ಗಳೂ ಕಡಿಮೆ ಸವೆಯುತ್ತವೆ. ನಾದ ಆಳ, ಗಂಭೀರ. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಲಾ ಬೆಲ್ಲಾ ಕಂಪನಿಯ ಇಂಥ ತಂತಿಗಳನ್ನು ಕಡಿಯುವವರೆಗೂ ಬದಲಿಸುತ್ತಿರಲಿಲ್ಲ. ಹಳತಾದಷ್ಟೂ ಇವುಗಳ ದನಿ ಮಾಗುತ್ತದೆಂಬುದು ನನ್ನ ಕಿವಿಯ ತೀರ್ಪೂ ಹೌದು. ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್ ಶೈಲಿಯ ಹೊಳಪು ಮಾತ್ರ ಇಲ್ಲಿ ಸಿಗದು.

ಆರ್.ಟಿ. ನಗರ, ಯಲಹಂಕದ ಕೋಣೆಗಳಲ್ಲಿ ಅಭ್ಯಾಸ ಮಾಡುವ ಎಳೆಯರೇ, ಬೆಲೆ ತುಸು ಹೆಚ್ಚಾದರೂ ಒಮ್ಮೆ ಕಟ್ಟಿ ನೋಡಿ. ನಿಮ್ಮ ಗಿಟಾರಿನ ತಂತಿ ನುಡಿಯುವ ಉದ್ದ (ಸ್ಕೇಲ್) 34 ಇಂಚಾದರೆ ಲಾಂಗ್ ಸ್ಕೇಲ್ ತಂತಿಯನ್ನೇ ಕೇಳಿ. ಬಿಗಿ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಕಟ್ಟಿದ ಮೇಲೆ ಗಿಟಾರಿನ ಕತ್ತಿನ ಬಾಗನ್ನು ತಿಳಿದವರಿಂದ ಸರಿಪಡಿಸಿಕೊಳ್ಳಿ.