220ರ ಲೆಕ್ಕ, ಮಣಿಕಟ್ಟಿನ ನಾಡಿ

ವ್ಯಾಯಾಮದ ಹೊತ್ತಿಗೆ ಎದೆಬಡಿತ ಎಷ್ಟಿರಬೇಕು? ಜಿಮ್ಮಿನ ಗೋಡೆಯ ಪಟ್ಟಿಯಿರಲಿ, ಸ್ಮಾರ್ಟ್‌ವಾಚಿರಲಿ, ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ. 220ರಲ್ಲಿ ವಯಸ್ಸು ಕಳೆದರೆ ಬರುವುದು ಗರಿಷ್ಠ ಬಡಿತ; ಅದರ ಶೇ. 50ರಿಂದ 70 ಮಧ್ಯಮ ವ್ಯಾಯಾಮ, 70ರಿಂದ 85 ಬಿರುಸಿನದು. ಗೋಕಾಕ ಫಾಲ್ಸಿನ ರಸ್ತೆಯಲ್ಲಿ ಬೆಳಿಗ್ಗೆ ನಡೆಯುವವರಿಗೂ ಮೂಡಲಗಿ, ಹುಕ್ಕೇರಿಯ ಮೈದಾನಗಳಲ್ಲಿ ಪೊಲೀಸ್ ಭರ್ತಿಗೆ ಓಡುವ ಹುಡುಗರಿಗೂ ಇದೇ ಲೆಕ್ಕ ಸಿಗುತ್ತದೆ. ಮೊದಲ ದಿನದ ಅಂದಾಜಿಗೆ ಇದು ಸಾಕು. ಆದರೆ ದಿನವೂ ಇದನ್ನೇ ಕಟ್ಟಪ್ಪಣೆಯೆಂದು ಪಾಲಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸೂತ್ರದ ಬುಡವೇ ತೆಳು. 1971ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಹಳೆಯ ಕೆಲವು ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಅಂದಾಜಿನ ಗೆರೆ ಅದು. ಅದಕ್ಕೆಂದೇ ನಡೆಸಿದ ಪ್ರಯೋಗದ ಫಲವಲ್ಲ. 2001ರಲ್ಲಿ ತನಾಕ ಮತ್ತು ಸಹೋದ್ಯೋಗಿಗಳು ಇದನ್ನು ತಿದ್ದಿದರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕು. ನಲವತ್ತರ ವಯಸ್ಸಿಗೆ ಎರಡೂ ಲೆಕ್ಕದಲ್ಲಿ 180 ಬರುತ್ತದೆ. ಎಪ್ಪತ್ತಕ್ಕೆ ಹಳೆಯದು 150 ಎಂದರೆ ಹೊಸದು 159 ಎನ್ನುತ್ತದೆ. ಹೆಂಗಸರನ್ನೇ ಅಧ್ಯಯನ ಮಾಡಿ 2010ರಲ್ಲಿ ಮಾರ್ಥಾ ಗುಲಾಟಿ ಮತ್ತು ತಂಡ ಕೊಟ್ಟ ಸೂತ್ರದ ಪ್ರಕಾರ ಐವತ್ತರ ಹೆಂಗಸಿನ ಗರಿಷ್ಠ 162. ಹಳೆಯ ಲೆಕ್ಕದಲ್ಲಿ 170. ಯಾವ ಸೂತ್ರ ಹಿಡಿದರೂ ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತು ಹನ್ನೆರಡು ಬಡಿತದ ಅಂತರ ತೀರ ಸಾಮಾನ್ಯ.

ಸೂತ್ರಗಳಲ್ಲೆಲ್ಲ ನನಗೆ ಒಪ್ಪಿಗೆಯಾದದ್ದು ಫಿನ್ಲೆಂಡಿನ ಕಾರ್ವೋನೆನ್ ಹೆಸರಿನಲ್ಲಿ ನಡೆದುಬಂದಿರುವ ಪದ್ಧತಿ. 1957ರ ಅವರ ಅಧ್ಯಯನ ಬೆರಳೆಣಿಕೆಯ ಯುವಕರ ಮೇಲೆ ನಡೆದದ್ದು ನಿಜ. ಆದರೂ ಅದು ವಯಸ್ಸಿನ ಜೊತೆಗೆ ಮನುಷ್ಯನ ಮೈಯನ್ನೂ ವಿಚಾರಿಸುತ್ತದೆ. ಇಬ್ಬರು ಐವತ್ತರವರನ್ನು ತೆಗೆದುಕೊಳ್ಳಿ. ಒಬ್ಬ ಹಂಗಾಮು ಪೂರ್ತಿ ಕಬ್ಬು ಕಡಿದು ಗಾಡಿಗೆ ಹೇರುವವ, ವಿಶ್ರಾಂತಿಯ ನಾಡಿ 60. ಇನ್ನೊಬ್ಬ ಸಂಕೇಶ್ವರದ ಅಂಗಡಿಯ ಗಲ್ಲೆಯ ಮೇಲೆ ದಿನವಿಡೀ ಕೂರುವವ, ಅವನದು 84. ತನಾಕ ಲೆಕ್ಕದಲ್ಲಿ ಇಬ್ಬರ ಗರಿಷ್ಠವೂ 173. ಗರಿಷ್ಠದಲ್ಲಿ ವಿಶ್ರಾಂತಿಯ ನಾಡಿ ಕಳೆದು, ಉಳಿದದ್ದರ ಅರ್ಧವನ್ನು ಮತ್ತೆ ಅದೇ ನಾಡಿಗೆ ಕೂಡಿಸಿದರೆ ಮೊದಲನೆಯವನ ಗುರಿ ಸುಮಾರು 117, ಎರಡನೆಯವನದು 129. ಗೋಡೆಯ ಪಟ್ಟಿ ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿ ಎಲ್ಲರ ಕೈಯಲ್ಲೇ ಇದೆ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳಿನಿಂದ ಮುಟ್ಟಬಾರದು, ಅದಕ್ಕೆ ತನ್ನದೇ ಮಿಡಿತವಿದೆ. ವ್ಯಾಯಾಮದ ನಡುವೆ ನಿಂತ ಕೂಡಲೇ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ತಡಮಾಡಿದರೆ ಬಡಿತ ಸರ್ರನೆ ಇಳಿದುಬಿಡುತ್ತದೆ. ಒಂದು ಮಿಡಿತ ತಪ್ಪಿದರೂ ನಾಲ್ಕರ ವ್ಯತ್ಯಾಸ, ಆದ್ದರಿಂದ ಕೆಲವು ದಿನ ರೂಢಿ ಬೇಕು. ಮಿಡಿತ ತಾಳ ತಪ್ಪಿ ಬರುತ್ತಿದ್ದರೆ ಲೆಕ್ಕ ಬದಿಗಿಟ್ಟು ಡಾಕ್ಟರರಿಗೆ ತೋರಿಸಬೇಕು.

ಸ್ಮಾರ್ಟ್‌ವಾಚ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಂದೇ ಗತಿಯ ನಡಿಗೆಯಲ್ಲಿ ಅದು ಸಾಕಷ್ಟು ಸರಿ ಹೇಳುತ್ತದೆ. ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ನೋಡುವುದರಿಂದ ಪಟ್ಟಿ ಸಡಿಲಾದರೆ, ಮಣಿಕಟ್ಟು ಬಾಗಿದರೆ ಎಣಿಕೆ ಕೆಡುತ್ತದೆ. ಓಡುವಾಗ ಹೆಜ್ಜೆಯ ಲಯವನ್ನೇ ಎದೆಬಡಿತವೆಂದು ತೋರಿಸುವುದೂ ಉಂಟು. ತಾಲೀಮಿನಲ್ಲಿ ದಂಡ ಹೊಡೆಯುವ ಪೈಲ್ವಾನನ ಕೈಯಲ್ಲಿ ಅದನ್ನು ನಂಬಲಾಗದು. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಿಖರ.

ಗುರಿಬಡಿತದ ಮಾತೇ ಹೊಂದದ ಕಸರತ್ತುಗಳೂ ನಮ್ಮಲ್ಲಿವೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನು ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ, ನಾಡಿಯ ಅಂಕಿ ಆ ಅಪಾಯವನ್ನು ಹೇಳುವುದಿಲ್ಲ. ಭರ್ತಿಯ ದಿನ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಾದ ಹುಡುಗನಿಗೂ ಗಡಿಯಾರ ನೋಡುತ್ತ ಓಡುವ ಪುರುಸೊತ್ತಿಲ್ಲ. ಆದರೆ ತಯಾರಿಯ ತಿಂಗಳುಗಳಲ್ಲಿ ಅವನಿಗೆ ನಾಡಿ ಬೇಕೇ ಬೇಕು. ದಿನವೂ ಉಸಿರು ಕಟ್ಟುವಂತೆ ಓಡಿ ಮೊಣಕಾಲು ಹಾಳುಮಾಡಿಕೊಳ್ಳುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. ವಾರದ ಹೆಚ್ಚಿನ ದಿನ ಮೆಲ್ಲಗೆ ಓಡಬೇಕೆಂದು ಅವರಿಗೆ ಹೇಳುವವರಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಅದೇ ನಡಿಗೆಗೆ ಬಡಿತ ಹೆಚ್ಚು. ಮೈ ತಂಪು ಮಾಡಲು ರಕ್ತ ಚರ್ಮದತ್ತ ಹರಿಯುತ್ತದೆ, ಬೆವರಿನಿಂದ ನೀರು ಕಡಿಮೆಯಾಗುತ್ತದೆ, ಹೃದಯ ಜೋರಾಗಿ ಓಡಬೇಕಾಗುತ್ತದೆ. ಆಗ ನಡಿಗೆಯ ವೇಗ ಇಳಿಸಬೇಕೇ ಹೊರತು ನಿನ್ನೆಯ ವೇಗಕ್ಕೆ ಹಟ ಹಿಡಿಯಬಾರದು. ಇದನ್ನು ಅಳೆಯಲು ಮಾತೇ ಸಾಕು: ಜೊತೆಗಾರರೊಡನೆ ಮಾತಾಡಬಹುದು, ಹಾಡಲು ಆಗದು ಎಂಬ ಹಂತ ಮಧ್ಯಮ ವ್ಯಾಯಾಮದ್ದು. ನಾಲ್ಕು ಪದಕ್ಕೇ ಉಸಿರು ಬೇಕಾದರೆ ಬಿರುಸಿನದು.

ಬಿ.ಪಿ.ಗೆ, ಹೃದಯಕ್ಕೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಗುಳಿಗೆ ತೆಗೆದುಕೊಳ್ಳುವವರಿಗೆ ಈ ಮಾತಿನ ಪರೀಕ್ಷೆಯೇ ಆಸರೆ. ಆ ಗುಳಿಗೆಗಳು ಬಡಿತವನ್ನು ತಗ್ಗಿಸಿ ಹಿಡಿಯುತ್ತವೆ. ಪಟ್ಟಿಯ ಅಂಕಿ ಮುಟ್ಟಲೆಂದು ಅವರು ದಣಿವನ್ನು ಮೀರಿ ನಡೆದರೆ ಕೇಡು ಖಂಡಿತ. ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ಗಡಿಯಾರ 100 ತೋರಿಸುತ್ತಿದ್ದರೂ ನಿಂತು ದವಾಖಾನೆಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿ.ಪಿ., ಶುಗರ್ ಬರೆದುಕೊಡುವ ಚೀಟಿಯಲ್ಲೇ ವಿಶ್ರಾಂತಿಯ ನಾಡಿಯನ್ನೂ, ಈ ಗುಳಿಗೆ ಇದ್ದರೆ ಎಷ್ಟು ಬಡಿತದವರೆಗೆ ನಡೆಯಬಹುದೆಂಬುದನ್ನೂ ಡಾಕ್ಟರರು ಬರೆದುಕೊಡಬೇಕು.