ಬದುಕಿರೋ ತೋಳಕ್ಕೆ ಜಾಗ ಎಲ್ಲಿ?

2025ರ ಏಪ್ರಿಲ್. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೊಬೈಲ್ ತೆಗೆದರೆ ಎರಡು ಬಿಳಿ ಮರಿಗಳ ಫೋಟೋ. ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ಡೈರ್ ತೋಳ ಮತ್ತೆ ಹುಟ್ಟಿದೆ ಅಂತ ಅಮೆರಿಕದ ಕೊಲೊಸಲ್ ಬಯೋಸೈನ್ಸಸ್ ಕಂಪನಿ ಹೇಳಿಕೊಂಡಿತ್ತು. ಜೊತೆಗಿದ್ದ ಸಹೋದ್ಯೋಗಿ "ಸೂಪರ್ ಅಲ್ವಾ ಗುರೂ" ಅಂದ. ನನಗೆ ಹಾಗನ್ನಿಸಲಿಲ್ಲ.

ಅವರು ಮಾಡಿದ್ದೇನು? ಈಗಲೂ ಬದುಕಿರುವ ಬೂದು ತೋಳದ ಜೀವಕೋಶ ತೆಗೆದುಕೊಂಡು, 14 ಜೀನ್‌ಗಳಲ್ಲಿ 20 ತಿದ್ದುಪಡಿ ಮಾಡಿ, ನಾಯಿಯ ಗರ್ಭದಲ್ಲಿ ಬೆಳೆಸಿದರು. ನಾನು ಕೋಡ್ ಬರೆಯುವವನು. ಹೊಸ ಸಾಫ್ಟ್‌ವೇರಿನಲ್ಲಿ ಇಪ್ಪತ್ತು ಸಾಲು ತಿದ್ದಿ "ಹಳೇದನ್ನೇ ವಾಪಸ್ ತಂದೆ" ಅಂದರೆ ನಮ್ಮ ಟೀಮಿನಲ್ಲಿ ಯಾರೂ ಒಪ್ಪಲ್ಲ. ಐಯುಸಿಎನ್ ತಜ್ಞರ ಗುಂಪೂ ಇವು ಡೈರ್ ತೋಳಗಳಲ್ಲ ಎಂದೇ ಹೇಳಿತು.

ಹೆಸರಿನ ಜಗಳ ಬಿಡಿ. ತಂದು ಬಿಡೋದು ಎಲ್ಲಿ, ಯಾರಿಗೋಸ್ಕರ? ನಮ್ಮ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಆಗಲೇ ಎದುರಿಸಿದೆ. ಭಾರತದಲ್ಲಿ ಚೀತಾ ಅಳಿದಿದೆ ಎಂದು 1952ರಲ್ಲೇ ಘೋಷಣೆಯಾಗಿತ್ತು. ಆಫ್ರಿಕಾದ ಚೀತಾಗಳನ್ನು ಮಧ್ಯಪ್ರದೇಶದ ಕುನೋ ಕಾಡಿಗೆ ತರುವ ಯೋಜನೆಯನ್ನು 2013ರಲ್ಲಿ ಕೋರ್ಟು ತಡೆಯಿತು. ಇದು ಇಲ್ಲಿದ್ದ ಚೀತಾ ಅಲ್ಲ, ಕುನೋ ಮೊದಲು ಬೇಕಾಗಿರೋದು ಗಿರ್ ಸಿಂಹಗಳಿಗೆ ಎರಡನೇ ಮನೆಯಾಗಿ ಎಂದಿತು. 2020ರಲ್ಲಿ ಅದೇ ಕೋರ್ಟು ಪ್ರಯೋಗಕ್ಕೆ ಅನುಮತಿ ಕೊಟ್ಟಿತು. 2022ರಲ್ಲಿ ನಮೀಬಿಯಾದಿಂದ 8 ಚೀತಾ ಬಂದವು. ಸಿಂಹಗಳು ಗಿರ್‌ನಲ್ಲೇ ಕಾಯುತ್ತಿವೆ.

ಇನ್ನು ನಮ್ಮ ತೋಳ. ನಮ್ಮೂರು ತುಮಕೂರು ಜಿಲ್ಲೆಯ ಬಯಲುಸೀಮೆಯಲ್ಲಿದೆ. ಮಂದೆಗೆ ತೋಳ ಬಿದ್ದ ರಾತ್ರಿಯೆಲ್ಲ ತಾತ ಅದಕ್ಕೆ ಶಾಪ ಹಾಕ್ತಿದ್ದ. ಬೆಳಗ್ಗೆ ಎದ್ದು ಕುರಿ ಹೊಡಕೊಂಡು ಅದೇ ಬಯಲಿಗೆ ಹೋಗ್ತಿದ್ದ. ಬಯಲು ಇಬ್ಬರದ್ದೂ ಆಗಿತ್ತು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ತೋಳವೂ ಇದೆ. ಅದನ್ನು ಕೊಂದರೆ ಜೈಲು. ಅದು ಓಡಾಡುವ ಹುಲ್ಲುಗಾವಲಿಗೆ ಮಾತ್ರ ಎಷ್ಟೋ ಕಡೆ ಕಾಗದದಲ್ಲಿ ಬಂಜರು ಅಂತ ಹೆಸರು. ಮೇಲುಕೋಟೆಯಂಥ ಅಭಯಾರಣ್ಯ ಇದೆ, ನಿಜ. ಆದರೆ ತೋಳ ಗಡಿಕಲ್ಲು ನೋಡಿಕೊಂಡು ತಿರುಗಲ್ಲ.

ನನ್ನ ಭಯ ಇಷ್ಟೇ. ಬ್ಯಾಕಪ್ ಇದೆ ಅಂತ ಗೊತ್ತಾದರೆ ಡಿಲೀಟ್ ಒತ್ತೋಕೆ ಯಾರ ಕೈಯೂ ನಡುಗಲ್ಲ. ಲ್ಯಾಬಿನಲ್ಲಿ ಮತ್ತೆ ಹುಟ್ಟಿಸಬಹುದು ಅಂತಾದರೆ ಬಯಲನ್ನು ಉಳಿಸೋಕೆ ಯಾರು ಬರ್ತಾರೆ?

ಆ ಸುದ್ದಿಗೆ ಒಂದು ವಾರ ಮುಂಚೆ ಯುಗಾದಿಗೆ ಊರಿಗೆ ಹೋಗಿದ್ದೆ. ತಾತ ಕುರಿ ಮೇಯಿಸ್ತಿದ್ದ ಜಾಗದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದರು.