ಎಲೆಯ ಬಾಲ

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಮಾತು ನನಗೆ ಪೂರ್ತಿ ಅರ್ಥವಾದದ್ದು ಆಗುಂಬೆಯ ಕಾಡಿನೊಳಗೆ. ಅಲ್ಲಿನ ಎಷ್ಟೋ ಎಲೆಗಳ ತುದಿ ಬಾಲದಂತೆ ಚಾಚಿಕೊಂಡಿದೆ. ನಮ್ಮೂರ ಕಟ್ಟೆಯ ಅರಳಿ ಎಲೆಗೂ ಅಂಥದೇ ಬಾಲವಿದೆಯಲ್ಲ! ಬಿದ್ದ ನೀರು ನಡುನರದ ಗುಂಟ ಹರಿದು, ಆ ಬಾಲದಿಂದ ಜಾರಿ ಉದುರುತ್ತದೆ. ಎಲೆಯ ಮೈ ಬೇಗ ಆರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಸದಾ ಒದ್ದೆಯಾಗಿರುವ ಎಲೆಯ ಮೇಲೆ ಪಾಚಿ ಹಬ್ಬಿ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಬಾಲ ಇರುವುದು ಅದನ್ನು ತಡೆಯಲಿಕ್ಕೇ ಎಂಬುದರ ಬಗ್ಗೆ ಸಸ್ಯವಿಜ್ಞಾನಿಗಳಲ್ಲಿ ಚರ್ಚೆ ಇನ್ನೂ ನಡೆದಿದೆ.

ನನಗೆ ಅದಕ್ಕಿಂತ ಬೆರಗು ಹುಟ್ಟಿಸುವುದು ಒಂದೇ ಮರದೊಳಗಿನ ವ್ಯತ್ಯಾಸ. ನೆರಳಲ್ಲಿರುವ ಎಲೆ ಅಗಲ, ತೆಳು. ಸಿಕ್ಕ ಚೂರು ಬೆಳಕಿಗೂ ಅಂಗೈ ಒಡ್ಡುತ್ತದೆ. ನೆತ್ತಿಯಲ್ಲಿ ಬಿಸಿಲು, ಗಾಳಿಗೆ ಮೈಯೊಡ್ಡಿದ ಎಲೆ ಚಿಕ್ಕದು, ದಪ್ಪ. ನಾಗಸಂಪಿಗೆಯ ಚಿಗುರಂತೂ ಕೆಂಪಗೆ, ಮೆತ್ತಗೆ ಜೋತುಬಿದ್ದಿರುತ್ತದೆ. ಬಲಿತ ಮೇಲೆ ಹಸಿರು, ಗಡಸು.

ಇನ್ನು ಅಂಚು. ಬೆಚ್ಚಗಿನ ಮಳೆಕಾಡಿನ ಮರಗಳಲ್ಲಿ ನಯವಾದ ಅಂಚಿನ ಎಲೆಗಳೇ ಹೆಚ್ಚು, ತಂಪು ನಾಡುಗಳಲ್ಲಿ ಗರಗಸದಂಥವು. 1915ರಲ್ಲಿ ಸಸ್ಯವಿಜ್ಞಾನಿಗಳಾದ ಬೈಲಿ ಮತ್ತು ಸಿನಟ್ ಇದನ್ನು ಗುರುತಿಸಿದರು. ಅಂದಿನಿಂದ ವಿಜ್ಞಾನಿಗಳು ಕಲ್ಲಿನಲ್ಲಿ ಅಚ್ಚಾದ ಎಲೆಗಳಲ್ಲಿ ನಯವಾದ ಅಂಚಿನವು ಎಷ್ಟೆಂದು ಎಣಿಸಿ, ಕೋಟ್ಯಂತರ ವರ್ಷ ಹಿಂದಿನ ಸೆಕೆಯನ್ನು ಅಂದಾಜು ಮಾಡುತ್ತಿದ್ದಾರೆ.